ಖೋಟಾ ನೋಟು ಕೊನೆಗೆ ಯಾರ ಕೈಲಿ?

ಮೂರು ವಾರದ ಹಿಂದೆ, ಒಂದು ಶನಿವಾರ ರಾತ್ರಿ ಹನ್ನೊಂದೂವರೆ ಹೊತ್ತಿಗೆ, ನಾನು ಆರು ತಿಂಗಳಿಂದ ಕಟ್ಟಿಕೊಂಡು ಬಂದಿದ್ದ ಊರೊಂದು ದಿವಾಳಿ ಎದ್ದುಹೋಯ್ತು. ಊರಿನ ಹೆಸರು ಹೊಳೆಬಾಗಿಲು. ಮ್ಯಾಪಲ್ಲಿ ಹುಡುಕಬೇಡಿ, ಸಿಗಲ್ಲ. ಅದು ಇರೋದು ನನ್ನ ಒಂದು ನೋಟ್‌ಬುಕ್ಕಿನಲ್ಲಿ, ಮತ್ತೆ ನಾಲ್ಕು ಜನ ಗೆಳೆಯರ ತಲೆಯಲ್ಲಿ.

ನಾವು ಐದು ಜನ ವಾರಕ್ಕೊಮ್ಮೆ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡ್ತೀವಿ. ಗೊತ್ತಿಲ್ಲದವರಿಗೆ ಎರಡೇ ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಶುರು ಮಾಡಿದ ಆಟ ಇದು. ಒಬ್ಬರು ಕಥೆ ನಡೆಸ್ತಾರೆ, ಅವರನ್ನ ಡಂಜನ್ ಮಾಸ್ಟರ್ ಅಂತಾರೆ. ಉಳಿದವರು ಒಂದೊಂದು ಪಾತ್ರ. ಇಡೀ ಆಟ ಮಾತಲ್ಲೇ. ಇದು ಆಗುತ್ತೋ ಇಲ್ವೋ ಅನ್ನೋ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸ್ತೀವಿ. ಊರಲ್ಲಿ ಅಮ್ಮನಿಗೆ ಇದನ್ನ ವಿವರಿಸೋಕೆ ಹೋಗಿ, "ಕೂತ್ಕೊಂಡು ಆಡೋ ನಾಟಕ ಕಣಮ್ಮ, ಡೈಲಾಗು ಮೊದಲೇ ಬರೆದಿರಲ್ಲ" ಅಂದೆ. "ಸಂಬಳ ಕೊಡ್ತಾರಾ?" ಅಂದ್ಲು.

ಹೊಳೆಬಾಗಿಲಿನ ಡಂಜನ್ ಮಾಸ್ಟರ್ ನಾನು. ಸಾಫ್ಟ್‌ವೇರಿನವನ ಚಟ, ಎಲ್ಲದಕ್ಕೂ ಒಂದು ಸಿಸ್ಟಮ್ ಮಾಡ್ಬೇಕು. ಆ ಊರಿನ ಉಪ್ಪಿನ ವ್ಯಾಪಾರಿಗಳ ಸಂಘ ಕಾಗದದ ದುಡ್ಡು ಹೊರಡಿಸುತ್ತೆ ಅಂತ ಬರೆದೆ. ಹೆಸರು ಉಪ್ಪಿನ ಚೀಟಿ. ಒಂದು ಚೀಟಿ ತಂದು ಸಂಘದ ಗೋದಾಮಿಗೆ ಕೊಟ್ರೆ ಹತ್ತು ಚಿನ್ನದ ನಾಣ್ಯದಷ್ಟು ಬೆಲೆಯ ಉಪ್ಪು. ಉಪ್ಪು ಯಾಕೆ ಹೊರ್ತೀರಿ, ಚೀಟಿ ಹಿಡ್ಕೊಂಡು ಓಡಾಡಿ. ಬರೆದು ಮುಗಿಸಿ ನನಗೇ ನಾನು ಬೆನ್ನು ತಟ್ಟಿಕೊಂಡೆ.

ನಮ್ಮ ಗುಂಪಿನಲ್ಲಿ ಒಬ್ಬ ಟೆಸ್ಟರ್ ಇದ್ದಾನೆ, ಆಫೀಸಿನಲ್ಲೂ ನನ್ನ ಕೋಡು ಮುರಿಯೋದೇ ಅವನ ಕೆಲಸ. ಆಟದಲ್ಲಿ ಅವನ ಪಾತ್ರ ಗುಬ್ಬಿ ಅನ್ನೋ ಕಳ್ಳಿ. ಚೀಟಿ ಕೈಗೆ ಬಂದು ಹತ್ತು ನಿಮಿಷ ಆಗಿರಲಿಲ್ಲ, ಗುಬ್ಬಿ ಅಂಗಡಿಗೆ ಹೋಗಿ ಫೋರ್ಜರಿ ಕಿಟ್ ಕೊಂಡಳು. ನಿಯಮ ಪುಸ್ತಕದಲ್ಲಿ ಅದರ ಬೆಲೆ 15 ಚಿನ್ನ. ಕಾಗದ, ಶಾಯಿ, ಅರಗು, ಮುದ್ರೆ ಎಲ್ಲಾ ಅದರೊಳಗೇ ಇರುತ್ತೆ. ದಾಳ ಉರುಳಿಸಿದ. ಇಪ್ಪತ್ತಕ್ಕೆ ಹತ್ತೊಂಬತ್ತು. ಎಂಬತ್ತು ಚೀಟಿ ತಯಾರಾಯ್ತು. ಅದರಲ್ಲಿ ಎಪ್ಪತ್ತೈದು ಕೊಟ್ಟು ನಮ್ಮ ಯೋಧನಿಗೆ 750 ಚಿನ್ನದ ಹಾಫ್ ಪ್ಲೇಟ್ ಕವಚ ಬಂತು. ಕಮ್ಮಾರ ಚೀಟಿಗಳನ್ನ ಬೆಳಕಿಗೆ ಹಿಡಿದು ನೋಡಿದ, ಅವನ ಪರವಾಗಿ ನಾನು ದಾಳ ಹಾಕಿದೆ, ನಾಲ್ಕು ಬಿತ್ತು. ಎಲ್ಲರೂ ಚಪ್ಪಾಳೆ.

ಆಗ ಸಿಎ ಓದಿದ ಗೆಳತಿ, ಆಟದಲ್ಲಿ ಅವಳು ಪೂಜಾರಿಣಿ, ಚಿಪ್ಸ್ ತಿಂತಾ ಕೇಳಿದಳು: "ಆ ಕಮ್ಮಾರ ನಾಳೆ ಚೀಟಿ ತಗೊಂಡು ಗೋದಾಮಿಗೆ ಹೋದ್ರೆ ಏನಾಗುತ್ತೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಪುಸ್ತಕ ತೆಗೆದೆ, ಅಲ್ಲೂ ಇರಲಿಲ್ಲ. ಖೋಟಾ ಮಾಡೋಕೆ ಯಾವ ದಾಳ, ಕಂಡುಹಿಡಿಯೋಕೆ ಯಾವ ದಾಳ, ಎರಡೂ ಇದೆ. ಮೋಸ ಹೋದವನ ಮುಂದಿನ ದಿನಕ್ಕೆ ಒಂದು ಸಾಲೂ ಇಲ್ಲ. ಅವತ್ತಿನಿಂದ ಈ ಪ್ರಶ್ನೆ ತಲೇಲಿ ಕೂತಿದೆ. ನಾನು ಇಷ್ಟಪಟ್ಟು ಆಡಿದ ಆಟಗಳನ್ನೆಲ್ಲಾ ಅದೊಂದೇ ಪ್ರಶ್ನೆ ಇಟ್ಕೊಂಡು ಮತ್ತೆ ನೋಡಿದೆ. ಬಹಳಷ್ಟು ಆಟಗಳು ಫೇಲು.

ಮೊದಲು ಚಿನ್ನದ ವಿಷಯ ಮುಗಿಸೋಣ. ಫ್ಯಾಂಟಸಿ ಲೋಕಗಳಲ್ಲಿ ಎಲ್ಲಿ ನೋಡಿದ್ರೂ ಚಿನ್ನದ ನಾಣ್ಯ ಯಾಕೆ? ಚಿನ್ನಕ್ಕೆ ಸರ್ಕಾರ ಬೇಡ. ರಾಜ ಸತ್ತರೂ, ಊರು ಸುಟ್ಟರೂ, ಸಾವಿರ ವರ್ಷದ ಹಿಂದೆ ಮುಳುಗಿದ ರಾಜ್ಯದ ಗುಹೇಲಿ ಸಿಕ್ಕಿದರೂ ನಾಣ್ಯ ನಡೆಯುತ್ತೆ. ಡ್ರಾಗನ್ ಹತ್ತಿರ ನೋಟಿನ ಕಂತೆ ಇದ್ರೆ ಅದರ ಮೇಲೆ ಮಲಗೋಕಾಗಲ್ಲ, ಅದೇ ಉಸಿರು ಬಿಟ್ರೆ ಸುಟ್ಟು ಹೋಗುತ್ತೆ. ಕಥೆಗೆ ಚಿನ್ನ ಅನುಕೂಲ, ಒಪ್ಪಿದೆ. ಆದ್ರೆ ಲೆಕ್ಕ ಹಾಕಿ. ಡಂಜನ್ಸ್ ಅಂಡ್ ಡ್ರಾಗನ್ಸಿನ ಐದನೇ ಆವೃತ್ತಿಯಲ್ಲಿ 50 ನಾಣ್ಯಕ್ಕೆ ಒಂದು ಪೌಂಡು ತೂಕ. ದೊಡ್ಡ ಪ್ಲೇಟ್ ಕವಚದ ಬೆಲೆ 1,500 ಚಿನ್ನ, ಅಂದ್ರೆ 30 ಪೌಂಡು. ಹೆಚ್ಚು ಕಮ್ಮಿ ಒಂದು ಅಡುಗೆ ಸಿಲಿಂಡರಿನ ಒಳಗಿರೋ ಗ್ಯಾಸಿನಷ್ಟು. ಅಷ್ಟು ಚಿನ್ನ ಹೊತ್ಕೊಂಡು ಕಮ್ಮಾರನ ಅಂಗಡಿಗೆ ಹೋಗೋ ಸಮಾಜ ಎಷ್ಟು ದಿನ ಹಾಗೇ ಇರುತ್ತೆ?

ಇರಲಿಲ್ಲ. ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಸಾಂಗ್ ರಾಜವಂಶದ ಕಾಲಕ್ಕೆ ಕಬ್ಬಿಣದ ನಾಣ್ಯ ಓಡ್ತಿತ್ತು. ಹೊತ್ತು ಹೊತ್ತು ಬೇಸತ್ತ ವ್ಯಾಪಾರಿಗಳು ನಾಣ್ಯ ಒಂದು ಕಡೆ ಇಟ್ಟು ಅದಕ್ಕೆ ಚೀಟಿ ಬರೆದು ಕೊಡೋಕೆ ಶುರು ಮಾಡಿದ್ರು. ಅದರ ಹೆಸರು ಜಿಯಾವೋಜಿ. 1024ರ ಹೊತ್ತಿಗೆ ಸರ್ಕಾರವೇ ಅದನ್ನ ಹೊರಡಿಸ್ತಾ ಇತ್ತು. ನಮ್ಮೂರ ಅಂಗಡಿಯಲ್ಲೂ ಇದನ್ನ ನೋಡಿದ್ದೀನಿ. ಚಿಲ್ಲರೆ ಇಲ್ಲದಾಗ ಅಂಗಡಿಯಣ್ಣ ಸಿಗರೇಟು ಪ್ಯಾಕಿನ ರಟ್ಟು ಹರಿದು "5 ರೂ" ಅಂತ ಬರೆದು ಸಹಿ ಹಾಕಿ ಕೊಡ್ತಿದ್ದ. ಆ ರಟ್ಟನ್ನ ಪಕ್ಕದ ಹೋಟೆಲಿನವನೂ ತಗೋತಿದ್ದ, ಯಾಕಂದ್ರೆ ಸಂಜೆ ಅವನೂ ಅದೇ ಅಂಗಡಿಗೆ ಬೆಲ್ಲ, ಟೀಪುಡಿ ತರೋಕೆ ಹೋಗ್ಬೇಕು. ರಿಸರ್ವ್ ಬ್ಯಾಂಕಿಲ್ಲದೆ ನಮ್ಮೂರಲ್ಲಿ ಒಂದು ನೋಟು ಚಲಾವಣೆಯಲ್ಲಿತ್ತು. ಬಸ್‌ಸ್ಟಾಪಿನ ತನಕ ಅಷ್ಟೇ, ಆಮೇಲೆ ಅದು ಬರೀ ರಟ್ಟು.

ಇದೇ ತರದ ಒಂದು ನಾಣ್ಯ ಡಂಜನ್ಸ್ ಅಂಡ್ ಡ್ರಾಗನ್ಸಿನಲ್ಲೇ ಇದೆ, ತುಂಬಾ ಜನ ಗಮನಿಸಲ್ಲ. ಫರ್ಗಾಟನ್ ರೆಲ್ಮ್ಸ್ ಲೋಕದ ವಾಟರ್‌ಡೀಪ್ ನಗರದಲ್ಲಿ ಟಾವೊಲ್ ಅಂತ ಒಂದು ಚೌಕಾಕಾರದ ಹಿತ್ತಾಳೆ ತುಂಡು. ದಾರಕ್ಕೆ ಪೋಣಿಸೋಕೆ ಮಧ್ಯೆ ತೂತು. ನಗರದೊಳಗೆ ಅದಕ್ಕೆ ಎರಡು ಚಿನ್ನದ ಬೆಲೆ, ಕೋಟೆ ಬಾಗಿಲು ದಾಟಿದ್ರೆ ಹಿತ್ತಾಳೆ. ಅಂದ್ರೆ ಪೂರ್ತಿ ನಂಬಿಕೆ ಮೇಲೆ ಓಡೋ ದುಡ್ಡು. ಮಾಡೋಕೆ ಬೇಕಾಗಿರೋದು ಒಂದು ಹಿತ್ತಾಳೆ ತಗಡು, ಒಂದು ಅಚ್ಚು. ಆಡಿದ ಅಷ್ಟು ವರ್ಷದಲ್ಲಿ ಯಾವ ಡಂಜನ್ ಮಾಸ್ಟರೂ ನನ್ನ ಕೈಗೆ ಖೋಟಾ ಟಾವೊಲ್ ಕೊಟ್ಟಿಲ್ಲ. ಬೆಂಕಿ ಹೊತ್ತಿಸೋಕೆ ಎಲ್ಲಾ ಸಿದ್ಧ ಮಾಡಿ, ಕಡ್ಡಿ ಗೀರೋದನ್ನ ಮರೆತ ಹಾಗಿದೆ ಇದು.

ಎಬೆರಾನ್ ಲೋಕ ಮರೆತಿಲ್ಲ. ಕೀತ್ ಬೇಕರ್ ಸೃಷ್ಟಿಸಿದ, 2004ರಲ್ಲಿ ಪುಸ್ತಕವಾಗಿ ಬಂದ ಈ ಲೋಕದಲ್ಲಿ ಕುಂಡರಕ್ ಅನ್ನೋ ಕುಬ್ಜರ ಮನೆತನ ಬ್ಯಾಂಕು ನಡೆಸುತ್ತೆ, ಲೆಟರ್ ಆಫ್ ಕ್ರೆಡಿಟ್ ಕೊಡುತ್ತೆ. ಸಿವಿಸ್ ಅನ್ನೋ ಇನ್ನೊಂದು ಮನೆತನ ಇದೆ, ದಾಖಲೆ ಪತ್ರಗಳನ್ನ ಮಂತ್ರಶಕ್ತಿಯಿಂದ ದೃಢೀಕರಿಸೋದೇ ಅವರ ಕಸುಬು. ನಮ್ಮ ಭಾಷೇಲಿ ಹೇಳೋದಾದ್ರೆ ಡಿಜಿಟಲ್ ಸಿಗ್ನೇಚರ್. ಎಂಜಿನಿಯರ್ ಆಗಿ ನನಗೆ ಇದು ಬಹಳ ಇಷ್ಟ. ನಾಲ್ಕನೇ ಹಂತದ ಫ್ಯಾಬ್ರಿಕೇಟ್ ಮಂತ್ರ ಹಾಕಿದ್ರೆ ಕಚ್ಚಾವಸ್ತುವಿನಿಂದ ನೇರವಾಗಿ ಸಿದ್ಧವಸ್ತು ಬರುತ್ತೆ. ಒಬ್ಬ ಮಂತ್ರವಾದಿ, ಸ್ವಲ್ಪ ಕಾಗದ, ಸ್ವಲ್ಪ ಶಾಯಿ, ಅಕ್ಷರದ ಕೈಚಳಕ, ಇಷ್ಟು ಸೇರಿದ್ರೆ ಒಂದು ಪ್ರಿಂಟಿಂಗ್ ಪ್ರೆಸ್ಸೇ. ಅಂಥ ಲೋಕದಲ್ಲಿ ಸಿವಿಸ್ ತರದ ಸಂಸ್ಥೆ ಹುಟ್ಟಲೇಬೇಕು. ಆದ್ರೂ ಎಬೆರಾನ್ ಕೂಡ ನನ್ನ ಗೆಳತಿಯ ಪ್ರಶ್ನೆಗೆ ಉತ್ತರ ಕೊಡಲ್ಲ. ಅದು ನೋಟು ಅಸಲೋ ನಕಲೋ ಅನ್ನೋದನ್ನ ಬಗೆಹರಿಸುತ್ತೆ. ನಕಲು ಅಂತ ಗೊತ್ತಾದ ಮೇಲೆ ಆ ನಷ್ಟ ಯಾರ ತಲೆ ಮೇಲೆ ಅನ್ನೋದು ಪುಸ್ತಕದ ಹೊರಗೇ ಉಳಿಯುತ್ತೆ.

ಕಂಪ್ಯೂಟರ್ ಆಟಗಳಲ್ಲಿ 1996ರ ಡ್ಯಾಗರ್‌ಫಾಲ್ ಸ್ವಲ್ಪ ವಿಚಿತ್ರ. ಅಲ್ಲಿ ಚಿನ್ನಕ್ಕೆ ತೂಕ ಇದೆ, ಊರೂರಲ್ಲಿ ಬ್ಯಾಂಕಿದೆ, ಸಾಲ ಸಿಗುತ್ತೆ, ತೂಕ ಇಳಿಸೋಕೆ ಲೆಟರ್ ಆಫ್ ಕ್ರೆಡಿಟ್ ಮಾಡಿಸಬಹುದು. ಒಂದು ಸೀಮೆಯಲ್ಲಿ ಸಾಲ ತಗೊಂಡು ಇನ್ನೊಂದು ಸೀಮೆಗೆ ಓಡಿಹೋದ್ರೆ ಹಳೇ ಸೀಮೆಯಲ್ಲಿ ಮರ್ಯಾದೆ ಹೋಗುತ್ತೆ. ಇಷ್ಟೆಲ್ಲಾ ಮಾಡಿದ ಅದೇ ಸರಣಿಯ 2011ರ ಸ್ಕೈರಿಮ್‌ನಲ್ಲಿ ನಾಣ್ಯದ ತೂಕ ಸೊನ್ನೆ. ಲಕ್ಷ ನಾಣ್ಯ ಜೇಬಲ್ಲಿಟ್ಕೊಂಡು ಬೆಟ್ಟ ಹತ್ತಬಹುದು. ಅದು ಚಿನ್ನ ಅಲ್ಲ ಸ್ವಾಮಿ, ಒಂದು ಇಂಟಿಜರ್ ವೇರಿಯಬಲ್. ಮೇಲೆ ಚಿನ್ನದ ಬಣ್ಣ ಬಳಿದಿದ್ದಾರೆ, ಅಷ್ಟೆ.

ಈ ಇಂಟಿಜರ್ ವಿಷಯ ಬಂದಾಗ ಡಯಾಬ್ಲೊ 2 ನೆನಪಾಗಲೇಬೇಕು. 2000ದಲ್ಲಿ ಬಂದ ಆಟ. ನಾನು ಆಡಿದ್ದು ಬಹಳ ತಡವಾಗಿ, ಹಾಸ್ಟೆಲ್ಲಿನಲ್ಲಿ, ಸೀನಿಯರ್ ಒಬ್ಬರ ಕಂಪ್ಯೂಟರಿನಲ್ಲಿ. ಅಲ್ಲಿ ಚಿನ್ನ ಎಷ್ಟು ಸುಲಭವಾಗಿ ಸಿಗ್ತಿತ್ತು ಅಂದ್ರೆ ಆಟಗಾರರು ತಮ್ಮತಮ್ಮಲ್ಲಿ ವ್ಯಾಪಾರ ಮಾಡುವಾಗ ಅದನ್ನ ಮೂಸಿಯೂ ನೋಡ್ತಿರಲಿಲ್ಲ. ಬದಲಿಗೆ ಸ್ಟೋನ್ ಆಫ್ ಜೋರ್ಡನ್ ಅನ್ನೋ ಉಂಗುರವನ್ನೇ ದುಡ್ಡು ಮಾಡ್ಕೊಂಡ್ರು. ಯಾರೂ ಆಜ್ಞೆ ಮಾಡಿರಲಿಲ್ಲ. ಚಿಕ್ಕದು, ಎಲ್ಲರಿಗೂ ಬೇಕಾದದ್ದು, ಅಷ್ಟು ಸಾಕಿತ್ತು. ಆಮೇಲೆ ಸರ್ವರಿನ ದೋಷ ಹಿಡಿದು ಒಂದು ಉಂಗುರವನ್ನ ಎರಡು ಮಾಡೋ ಉಪಾಯ ಕೆಲವರಿಗೆ ಸಿಕ್ತು. ಇದಕ್ಕೆ ಡೂಪ್ ಅಂತಾರೆ. ನಕಲು ಉಂಗುರ ಅಸಲಿಗಿಂತ ಒಂದು ಬಿಟ್ಟೂ ಬೇರೆ ಇಲ್ಲ. ಬೆಳಕಿಗೆ ಹಿಡಿದು ನೋಡಿದ್ರೂ ಗೊತ್ತಾಗಲ್ಲ, ಯಾಕಂದ್ರೆ ನಕಲಿಗೂ ಅದೇ ಸೀರಿಯಲ್ ನಂಬರ್.

ಈಗ ಕೇಳಿ. ಒಂದೇ ನಂಬರಿನ ಎರಡು ವಸ್ತು ಒಂದೇ ಆಟದೊಳಗೆ ಎದುರಾದ್ರೆ ಒಂದು ಮಾಯ ಆಗ್ತಿತ್ತು. ಆಟಗಾರರು ಅದಕ್ಕೆ ಪೂಫ್ ಅಂತಿದ್ರು. ಯಾರದ್ದು ಮಾಯ ಆಗ್ತಿತ್ತು? ಡೂಪ್ ಮಾಡಿದವನು ಅಷ್ಟು ಹೊತ್ತಿಗೆ ಮಾರಿ ಆಗಿರ್ತಿತ್ತು. ವಾರಗಟ್ಟಲೆ ರಾಕ್ಷಸರನ್ನ ಕೊಂದು, ಒಳ್ಳೇ ಕತ್ತಿ ಕೊಟ್ಟು, ಬದಲಿಗೆ ಉಂಗುರ ತಗೊಂಡಿದ್ದ ಯಾವನೋ ಹುಡುಗ ಬೆಳಗ್ಗೆ ಲಾಗಿನ್ ಆಗಿ ನೋಡಿದ್ರೆ ಪೆಟ್ಟಿಗೇಲಿ ಖಾಲಿ ಚೌಕ. ಯಾವ ಕಥೆಗಾರನೂ ಬರೆಯದ ಈ ದೃಶ್ಯ, ನಾನು ನೋಡಿದ ಆಟಗಳಲ್ಲೆಲ್ಲಾ ಖೋಟಾ ನೋಟಿನ ಅತ್ಯಂತ ಸತ್ಯವಾದ ಚಿತ್ರ. ಅದು ಬಂದಿದ್ದು ಒಂದು ಬಗ್‌ನಿಂದ.

ನಾನು ಇಷ್ಟು ಖಚಿತವಾಗಿ ಯಾಕೆ ಹೇಳ್ತಿದ್ದೀನಿ ಅಂದ್ರೆ, ಆ ಖಾಲಿ ಚೌಕ ನಮ್ಮನೇಲೂ ಒಂದಿತ್ತು.

2009. ನಾನು ಬಿಇ ಎರಡನೇ ವರ್ಷ. ಹಾಸ್ಟೆಲ್ ಫೀಸಿಗೆ ಅಂತ ಅಪ್ಪ ಸಂತೇಲಿ ಎರಡು ಟಗರು ಮಾರಿದ್ರು. ಕತ್ತಲಾಗ್ತಾ ಬಂದಿತ್ತು, ಕೊಂಡವನು ಲಾರಿಗೆ ಕುರಿ ತುಂಬೋ ಅವಸರದಲ್ಲಿ ಎಣಿಸಿ ಕೊಟ್ಟ. ಮಾರನೇ ದಿನ ಡಿಡಿ ತೆಗೆಸೋಕೆ ಬ್ಯಾಂಕಿಗೆ ಹೋದ್ರೆ ಕ್ಯಾಷಿಯರು ಒಂದು ಐನೂರರ ನೋಟನ್ನ ಬೆರಳಲ್ಲಿ ತಿಕ್ಕಿ, ಪಕ್ಕಕ್ಕಿಟ್ಟು, ಅದರ ಮೇಲೆ ಮುದ್ರೆ ಒತ್ತಿ, ಅಪ್ಪನ ಕೈಗೆ ಒಂದು ರಸೀದಿ ಕೊಟ್ರು. ನಿಯಮ ಹಾಗೇ ಇದೆ. ಖೋಟಾ ನೋಟು ಬಂದ್ರೆ ಬ್ಯಾಂಕು ಅದನ್ನ ಜಪ್ತಿ ಮಾಡ್ಬೇಕು, ತಂದವರಿಗೆ ಪರಿಹಾರ ಇಲ್ಲ. ಐನೂರು ರೂಪಾಯಿ ತಗೊಂಡು ಹೋದವರು ಐನೂರು ಹೋಯ್ತು ಅನ್ನೋದಕ್ಕೆ ರಸೀದಿ ತಗೊಂಡು ಬಂದ್ರು. ನೋಟಿನ ಮೇಲಿನ ಭಾಷಾ ಪಟ್ಟಿಯಲ್ಲಿ ಕನ್ನಡ ನಾಲ್ಕನೇ ಸಾಲು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು, ಆ ಸಾಲನ್ನ ಅವರು ಓದಬಲ್ಲರು. ಓದೋಕೆ ಬರೋದು ಒಂದು, ಗುರುತು ಹಿಡಿಯೋದು ಇನ್ನೊಂದು.

ಮನೆಗೆ ಬಂದು ಉಳಿದ ನೋಟುಗಳನ್ನ ಹರಡಿಕೊಂಡು ಕೂತಾಗ ಅದೇ ತರದ್ದು ಇನ್ನೊಂದು ಸಿಕ್ತು. ಅಪ್ಪ ಏನೂ ಮಾತಾಡಲಿಲ್ಲ, ಅದನ್ನ ಮಡಚಿ ಪಂಚಾಂಗದೊಳಗೆ ಇಟ್ರು. ಭಾನುವಾರ ನಾನು ಬಸ್ಸಿಗೆ ಹೊರಟಾಗ ತೆಗೆದು ಕೈಗೆ ಕೊಟ್ಟು, "ಪ್ಯಾಟೇಲಿ ನಡುದ್ರೂ ನಡೀಬೋದು, ನೋಡು ಮಗ" ಅಂದ್ರು. ನನ್ನ ಮುಖ ನೋಡ್ತಾ ಇರಲಿಲ್ಲ.

ಕಾಲೇಜಿದ್ದ ಊರಿನ ಬಸ್‌ಸ್ಟ್ಯಾಂಡಿನ ಹೊರಗೆ ಸಂಜೆ ಹೊತ್ತು ಹಣ್ಣಿನ ಗಾಡಿಗಳು ಸಾಲಾಗಿ ನಿಲ್ತಿದ್ವು. ವಯಸ್ಸಾದವರೊಬ್ಬರ ಗಾಡಿ ನೋಡಿ ಹೋದೆ. ವಯಸ್ಸಾದವರನ್ನೇ ನೋಡಿ ಹೋದೆ, ಇದನ್ನ ಮುಚ್ಚಿಡಲ್ಲ. ಒಂದು ಡಜನ್ ಬಾಳೆಹಣ್ಣು ತಗೊಂಡು ಆ ನೋಟು ಕೊಟ್ಟೆ. ಅವರು ಗೊಣಗಿದ್ರು, ಇಷ್ಟು ದೊಡ್ಡ ನೋಟಿಗೆ ಚಿಲ್ಲರೆ ಎಲ್ಲಿಂದ ತರ್ಲಪ್ಪಾ ಅಂತ. ಕೊನೆಗೆ ಪಕ್ಕದ ಗಾಡಿಯವನ ಹತ್ರ ಹೋಗಿ ಮುರಿಸಿಕೊಂಡು ಬಂದು ಚಿಲ್ಲರೆ ಎಣಿಸಿ ಕೊಟ್ರು. ಆ ಎರಡು ನಿಮಿಷ ನನ್ನ ಎದೆ ಹೊಡ್ಕೊಂಡಿದ್ದು ಒಂದೇ ಕಾರಣಕ್ಕೆ: ಸಿಕ್ಕಿಬೀಳ್ತೀನಾ? ಅವರ ಬಗ್ಗೆ ಅಲ್ಲ, ಪಕ್ಕದ ಗಾಡಿಯವನ ಬಗ್ಗೆ ಅಲ್ಲ. ಚಿಲ್ಲರೆ ಜೇಬಿಗೆ ಬಂದ ಮೇಲೆ ಆದದ್ದು, ನಾಚಿಕೆಗೇಡು, ಒಂದು ಖುಷಿ. ಆ ನೋಟು ಪಕ್ಕದವನ ಹತ್ರ ನಿಂತಿತೋ, ಅವನು ತಿರುಗಿ ಈ ಅಜ್ಜನ ಮೇಲೇ ಜಗಳಕ್ಕೆ ಬಂದನೋ, ಇನ್ನೂ ನಾಲ್ಕು ಕೈ ದಾಟಿತೋ. ಆಮೇಲೆ ಎರಡು ವರ್ಷ ಆ ಸಾಲಿನ ಎದುರಿನ ಫುಟ್‌ಪಾತಿನಲ್ಲಿ ಓಡಾಡಿದೆ.

ನಮ್ಮ ಆಟದ ದಾಳ ಅಳೆಯೋದು ಆ ಎರಡು ನಿಮಿಷವನ್ನ ಮಾತ್ರ. ಸಿಕ್ಕಿಬೀಳ್ತೀನಾ ಇಲ್ವಾ. ಹತ್ತೊಂಬತ್ತು ಬಿದ್ರೆ ಚಪ್ಪಾಳೆ. ನನ್ನ ದೂರು ಇರೋದು ಇಲ್ಲೇ. ಕಳ್ಳತನಕ್ಕೆ ಆಟಗಳಲ್ಲಿ ಒಬ್ಬ ಮಾಲೀಕ ಇರ್ತಾನೆ, ಕೊಲೆಗೆ ಒಂದು ಹೆಣ ಇರುತ್ತೆ, ಕಾವಲುಗಾರರು ಬರ್ತಾರೆ, ಊರವರು ಮುಖ ತಿರುಗಿಸ್ತಾರೆ. ಖೋಟಾ ದುಡ್ಡಿಗೆ ಮಾತ್ರ ಯಾರೂ ಇಲ್ಲ. ಅದು ಬಲಿಪಶು ಇಲ್ಲದ ಜಾಣತನ ಅನ್ನೋ ಹಾಗೆ ನಿಯಮ ಬರೆದಿದ್ದಾರೆ. ಕಂಪ್ಯೂಟರ್ ಆಟದಲ್ಲಂತೂ ಅಂಗಡಿಯವನ ಕೈಗೆ ಕೊಟ್ಟ ದುಡ್ಡು ಅಲ್ಲೇ ಇಂಗಿಹೋಗುತ್ತೆ. ಅವನು ಅದನ್ನ ತಗೊಂಡು ಅಕ್ಕಿ ತರೋಕೆ ಹೋಗಲ್ಲ. ದುಡ್ಡು ಕೈಯಿಂದ ಕೈಗೆ ನಡೆಯದ ಲೋಕದಲ್ಲಿ ಖೋಟಾ ನೋಟಿಗೆ ಅರ್ಥವೇ ಇಲ್ಲ, ಯಾಕಂದ್ರೆ ಆ ಅಪರಾಧದ ಅರ್ಧ ಭಾಗ ಇರೋದೇ ಆ ನಡಿಗೆಯಲ್ಲಿ.

ಹತ್ತಿರಕ್ಕೆ ಬಂದ ಆಟ ಒಂದಿದೆ. 2010ರ ಫಾಲ್ಔಟ್: ನ್ಯೂ ವೆಗಾಸ್. ಡ್ರಾಗನ್ ಇಲ್ಲ, ಅಣುಯುದ್ಧ ಮುಗಿದ ಮೇಲಿನ ಅಮೆರಿಕ. ಆದ್ರೂ ರೋಲ್ ಪ್ಲೇಯಿಂಗ್ ಆಟವೇ, ಹಾಗಾಗಿ ಒಳಗೆ ಬಿಟ್ಕೊಳ್ಳೋಣ. ಅಲ್ಲಿನ ಕ್ಯಾಲಿಫೋರ್ನಿಯಾ ಗಣರಾಜ್ಯಕ್ಕೆ ಕಾಗದದ ಡಾಲರ್ ಇದೆ. ಶತ್ರುಗಳು ಅದರ ಚಿನ್ನದ ದಾಸ್ತಾನಿನ ಮೇಲೆ ದಾಳಿ ಮಾಡಿದ ಮೇಲೆ ನೋಟಿನ ಹಿಂದೆ ಚಿನ್ನ ಇಲ್ಲ, ಜನ ಗಾಬರಿಬಿದ್ದು ನೋಟು ಬದಲಾಯಿಸೋಕೆ ನುಗ್ಗಿದ್ರು, ಕೊನೆಗೆ ವ್ಯಾಪಾರಿಗಳು ಹಳೇ ಸೋಡಾ ಬಾಟಲಿ ಮುಚ್ಚಳಗಳನ್ನೇ ಮತ್ತೆ ದುಡ್ಡು ಮಾಡಿದ್ರು. ಆ ಮುಚ್ಚಳದ ಹಿಂದೆ ಇರೋ ಭರವಸೆ ನೀರು. ನೂರು ಡಾಲರಿನ ನೋಟಿಗೆ ಅಂಗಡೀಲಿ ಸಿಗೋದು ನಲವತ್ತು ಮುಚ್ಚಳದ ಬೆಲೆ. ಸರ್ಕಾರಿ ನೋಟಿಗೆ ನಲವತ್ತು, ಸೋಡಾ ಮುಚ್ಚಳಕ್ಕೆ ನೂರು! ಒಂದು ರಾಜ್ಯ ಸೋಲ್ತಾ ಇದೆ ಅನ್ನೋದನ್ನ ಹೇಳೋಕೆ ಬೇರೆ ಡೈಲಾಗ್ ಬೇಕಾ? ಅಲ್ಲೇ ಒಂದು ಸಣ್ಣ ಕೆಲಸ ಸಿಗುತ್ತೆ. ಹಳೇ ಸೋಡಾ ಕಾರ್ಖಾನೆಯಲ್ಲಿ ಮುಚ್ಚಳ ಒತ್ತೋ ಯಂತ್ರ ಒಂದು ಉಳಿದಿದೆ, ಹೋಗಿ ಕೆಡಿಸಿ ಬಾ ಅಂತ ವ್ಯಾಪಾರಿ ಸಂಸ್ಥೆಯ ಹೆಂಗಸು ಕಳಿಸ್ತಾಳೆ. ಕೆಡಿಸಿ ಬಂದವನಿಗೆ ಕೂಲಿ ಕೊಡೋದೂ ಮುಚ್ಚಳದಲ್ಲೇ. ನಾನು ಆ ಯಂತ್ರದ ಮುಂದೆ ಬಹಳ ಹೊತ್ತು ನಿಂತಿದ್ದೆ.

ಅದೇ ಆಟದ ಡೆಡ್ ಮನಿ ಅನ್ನೋ ಉಪಕಥೆಯಲ್ಲಿ ಪಾಳುಬಿದ್ದ ಕ್ಯಾಸಿನೊ. ಅಲ್ಲಿನ ವೆಂಡಿಂಗ್ ಯಂತ್ರಗಳಿಗೆ ಹಾಕೋ ಚಿಪ್ಪುಗಳನ್ನ ನಾವೇ ಗುಜರಿ ಲೋಹದಿಂದ ನಕಲು ಮಾಡಬಹುದು. ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗಲ್ಲ, ಯಂತ್ರಕ್ಕೆ ಸಂಸಾರವೂ ಇಲ್ಲ. ಕೊನೆಗೆ ನೆಲಮಾಳಿಗೆಯ ಖಜಾನೆಯಲ್ಲಿ 37 ಚಿನ್ನದ ಗಟ್ಟಿ, ಒಂದೊಂದೂ 35 ಪೌಂಡು. ಎಲ್ಲಾ ಹೊತ್ರೆ ನಡೆಯೋಕಾಗಲ್ಲ, ಬಿಟ್ಟು ಬರೋಕೆ ಮನಸ್ಸಿಲ್ಲ. ಸ್ಕೈರಿಮ್‌ನ ಸೊನ್ನೆ ತೂಕದ ಚಿನ್ನ ಆಡಿ ಬಂದವನಿಗೆ ಇದು ಕಪಾಳಮೋಕ್ಷ. ಆದ್ರೂ ಒಂದು ಮಾತು. ನ್ಯೂ ವೆಗಾಸ್ ಕೂಡ ನೋಟು ಸತ್ತಾಗ ಬಡವಾದ ಒಂದು ಮನೆಯನ್ನ ತೋರಿಸಿದ್ದು ನನಗೆ ನೆನಪಿಲ್ಲ. ಯಂತ್ರ ತೋರಿಸ್ತು, ದರ ತೋರಿಸ್ತು.

ಕಾದಂಬರಿಕಾರ ಟೆರಿ ಪ್ರಾಚೆಟ್ 2007ರ 'ಮೇಕಿಂಗ್ ಮನಿ'ಯಲ್ಲಿ ಬೇರೆ ದಾರಿ ಹಿಡಿದಿದ್ದಾನೆ. ಡಿಸ್ಕ್‌ವರ್ಲ್ಡಿನ ಆಂಖ್-ಮಾರ್ಪೋರ್ಕ್ ನಗರಕ್ಕೆ ಕಾಗದದ ನೋಟು ತರೋ ಕೆಲಸ ಬೀಳೋದು ಹಳೇ ವಂಚಕನೊಬ್ಬನ ತಲೆಗೆ. ನೋಟಿನ ಚಿತ್ರ ಬರೆಯೋಕೆ ಅವನು ಹಿಡ್ಕೊಂಡು ಬರೋದು ಅಂಚೆ ಚೀಟಿ ಖೋಟಾ ಮಾಡಿ ಗಲ್ಲುಶಿಕ್ಷೆಗೆ ಕಾಯ್ತಿದ್ದವನನ್ನ. ನಗು ಬರುತ್ತೆ, ಆಮೇಲೆ ಬೆವರು ಬರುತ್ತೆ. ನೋಟು ಮಾಡೋನಿಗೂ ಖೋಟಾ ಮಾಡೋನಿಗೂ ಕೈಚಳಕದಲ್ಲಿ ವ್ಯತ್ಯಾಸ ಇಲ್ಲ, ಬೆನ್ನ ಹಿಂದೆ ಯಾರು ನಿಂತಿದ್ದಾರೆ ಅನ್ನೋದಷ್ಟೇ ಲೆಕ್ಕ. ಚೀನಾದ ಮಿಂಗ್ ಸರ್ಕಾರ 1375ರಲ್ಲಿ ಹೊರಡಿಸಿದ ನೋಟಿನ ಮೇಲೆ ಇದನ್ನ ನೇರವಾಗೇ ಅಚ್ಚು ಹಾಕಿತ್ತು: ಖೋಟಾ ಮಾಡಿದವನ ತಲೆ ಹಾರಿಸ್ತೀವಿ, ಹಿಡಿದುಕೊಟ್ಟವನಿಗೆ 250 ತೇಲ್ ಬೆಳ್ಳಿ, ಜೊತೆಗೆ ಅಪರಾಧಿಯ ಆಸ್ತಿ. ಒಂದು ನೋಟಿನ ಮೇಲೇ ಪೂರ್ತಿ ಕ್ವೆಸ್ಟು, ಬಹುಮಾನದ ಸಮೇತ. ಯಾಕೆ ಯಾರೂ ಕದ್ದಿಲ್ಲ ಇದನ್ನ?

ಹೊಳೆಬಾಗಿಲಿನ ಮುಂದಿನ ವಾರವನ್ನ ಬರೆಯೋಕೆ ಕೂತಾಗ ನನಗೆ ಸಹಾಯಕ್ಕೆ ಬಂದಿದ್ದು ಮಾತ್ರ ಇವರ್ಯಾರೂ ಅಲ್ಲ, ಮುಹಮ್ಮದ್ ಬಿನ್ ತುಘಲಕ್. ಕನ್ನಡದವರಿಗೆ ಇವನು ಗಿರೀಶ ಕಾರ್ನಾಡರ 1964ರ ನಾಟಕದಿಂದ ಮನೆ ಮನುಷ್ಯನಾಗಿಬಿಟ್ಟಿದ್ದಾನೆ. ಬೆಳ್ಳಿ ನಾಣ್ಯದ ಬೆಲೆಗೆ ತಾಮ್ರ, ಹಿತ್ತಾಳೆ ನಾಣ್ಯ ಹೊರಡಿಸಿದ, 1330ರ ಆಸುಪಾಸು. ಜನ ಮನೆಮನೆಯಲ್ಲಿ ಟಂಕಸಾಲೆ ಇಟ್ರು. ಯೋಜನೆ ಕುಸಿದಾಗ ಅವನು ಎಲ್ಲಾ ನಾಣ್ಯ ವಾಪಸ್ ತಗೊಂಡು ಖಜಾನೆಯಿಂದ ಬೆಳ್ಳಿ ಕೊಟ್ಟ, ಖೋಟಾ ನಾಣ್ಯಕ್ಕೂ ಸೇರಿಸಿ. ಆ ರಾಶಿ ನಾಟಕದಲ್ಲಿ ಅವನ ಗುಲಾಬಿ ತೋಟಕ್ಕೆ ಬಂದು ಬೀಳುತ್ತೆ. ಇದನ್ನ ನಾವೆಲ್ಲ ಹುಚ್ಚು ಅಂತಲೇ ಓದಿದ್ದು. ಈಗ ಓದಿದ್ರೆ ನನಗೆ ಬೇರೇನೋ ಕಾಣುತ್ತೆ. ಖೋಟಾ ದುಡ್ಡು ಕೊನೆಗೆ ಬಂದು ನಿಂತ ಕೈ ಅವನದ್ದೇ, ನಷ್ಟ ಅವನ ಖಜಾನೆಯದ್ದೇ. ನಮ್ಮಪ್ಪನಿಗೆ ಸಿಕ್ಕಿದ್ದು ರಸೀದಿ. ಹುಚ್ಚ ಸುಲ್ತಾನನ ಕೌಂಟರಿನಲ್ಲಿ ನಿಂತಿದ್ರೆ ಬೆಳ್ಳಿ ಸಿಗ್ತಿತ್ತು. ಹಾಗೆ ಎಲ್ಲರಿಗೂ ಕೊಡ್ತಾ ಹೋದ್ರೆ ಯಾವ ಖಜಾನೆಯೂ ಉಳಿಯಲ್ಲ, ಖೋಟಾ ಮಾಡೋರಿಗೆ ಹಬ್ಬ ಅನ್ನೋದು ನನಗೂ ಗೊತ್ತು. ಗೆಳತಿ ಸಿಎ ಅದನ್ನ ಅರ್ಧ ಗಂಟೆ ವಿವರಿಸಿದ್ದಾಳೆ ಕೂಡ. ನೋಟು ರದ್ದು ಮಾಡಿಸೋ ಯೋಚನೆಯೂ ಬಂದಿತ್ತು. 2016ರ ನವೆಂಬರ್ 8 ನೆನಪಾಗಿ ಕೈಬಿಟ್ಟೆ. ಅಂಥ ಟ್ವಿಸ್ಟ್ ಕೊಟ್ರೆ ಆಟಗಾರರು ದಾಳ ನನ್ನ ಮುಖಕ್ಕೆ ಎಸೀತಾರೆ.

ಹೀಗೆ ಮಾಡಿದೆ. ಕಮ್ಮಾರ ಎಪ್ಪತ್ತೈದು ಚೀಟಿ ತಗೊಂಡು ಗೋದಾಮಿಗೆ ಹೋಗಲಿಲ್ಲ. ಇದ್ದಿಲಿನವನಿಗೆ ಹತ್ತು ಕೊಟ್ಟ, ಕಬ್ಬಿಣ ತರೋ ಗಾಡಿಯವನಿಗೆ ನಲವತ್ತು, ಮಗಳ ಮದುವೆಗೆ ಅಂತ ಇಪ್ಪತ್ತೈದು ಎತ್ತಿಟ್ಟ. ಗಾಡಿಯವನ ಚೀಟಿ ಗೋದಾಮಿಗೆ ಬಂದಾಗ ಗುಮಾಸ್ತ ಪುಸ್ತಕ ನೋಡಿದ. ಆ ನಂಬರಿನ ಚೀಟಿಗಳಿಗೆ ಆಗಲೇ ಉಪ್ಪು ಕೊಟ್ಟಾಗಿತ್ತು. ಸುದ್ದಿ ಹಬ್ಬಿತು. ಎಷ್ಟು ಖೋಟಾ ಇದೆ ಅಂತ ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದೇ ಸಾಕಾಯ್ತು. ಅಸಲಿ ಚೀಟಿ ಇದ್ದವರೂ ಮೂಟೆ ಹಿಡ್ಕೊಂಡು ಸಾಲು ನಿಂತ್ರು. ಮೂರನೇ ದಿನ ಸಂಘ ಬಾಗಿಲು ಹಾಕಿತು. ಎಂಬತ್ತು ಸುಳ್ಳು ಚೀಟಿ ಸಾವಿರಾರು ನಿಜ ಚೀಟಿಗಳನ್ನ ಕಾಗದ ಮಾಡಿದ್ವು.

ಇದನ್ನೆಲ್ಲಾ ನಾನು ಆ ಶನಿವಾರ ರಾತ್ರಿ ಓದಿ ಹೇಳಿದೆ. ಯೋಧ ಆಡೋ ಡೆಂಟಿಸ್ಟು, "ಕವಚ ವಾಪಸ್ ಕೊಡೋಣ" ಅಂದ್ಲು. ಟೆಸ್ಟರ್ ತಲೆ ಕೆರೆದುಕೊಂಡು, "ಅವರು ಎನ್‌ಪಿಸಿಗಳು ತಾನೇ ಗುರೂ, ನೀನು ಬರೆದ್ರೆ ಇದಾರೆ, ಇಲ್ಲಾಂದ್ರೆ ಇಲ್ಲ" ಅಂದ. ನಿಯಮದ ಪ್ರಕಾರ ಅವನು ಸರಿ. ಓಟಿಗೆ ಹಾಕಿದ್ವಿ, ಎರಡಕ್ಕೆ ಎರಡು. ಡಂಜನ್ ಮಾಸ್ಟರಿಗೆ ಓಟಿಲ್ಲ. ಹಣ್ಣಿನ ಗಾಡಿಯ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಇದನ್ನ ಓದಿದ ಮೇಲೆ ಗೊತ್ತಾಗುತ್ತೆ.

ಈ ಶನಿವಾರ ಮತ್ತೆ ಆಟ ಇದೆ. ಕವಚ ಇನ್ನೂ ಯೋಧನ ಮೈಮೇಲಿದೆ. ಗುಬ್ಬಿಯ ಚೀಲದಲ್ಲಿ ಐದು ಚೀಟಿ ಉಳಿದಿವೆ. ಊರು ಬಿಟ್ಟು ಎರಡು ದಿನ ನಡೆದು ಬಂದಿದ್ದಾರೆ, ಮುಂದೆ ಹೊಳೆ. ದೋಣಿ ನಡೆಸೋಳು ಒಬ್ಬಳೇ ಇರ್ತಾಳೆ, ಸುದ್ದಿ ಇನ್ನೂ ಅಲ್ಲಿಗೆ ಮುಟ್ಟಿಲ್ಲ.